ಅತಿಭಾರ ನ್ಯೂಕ್ಲಿಯಸ್ ಒಡೆದಾಗ ಚೂರುಗಳ ದ್ರವ್ಯರಾಶಿಯನ್ನು ಹೇಗೆ ಅಳೆಯುತ್ತಾರೆ? ಒಡೆದದ್ದು ಅದೇ ಎಂದು ಹೇಗೆ ಗೊತ್ತು?

ಮೊದಲ ಪ್ರಶ್ನೆ ಗಡಿಯಾರದ ಕೆಲಸ. ನಿಜವಾದ ತಲೆನೋವು ಎರಡನೆಯದು.

114ನೇ ಧಾತುವನ್ನೇ ತೆಗೆದುಕೊಳ್ಳಿ. ಪ್ಲುಟೋನಿಯಂ-244ಕ್ಕೆ ಸುಮಾರು 240 ಎಂಇವಿ (ಒಂದು ಎಂಇವಿ ಎಂದರೆ ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್) ಶಕ್ತಿಯ ಕ್ಯಾಲ್ಸಿಯಂ-48 ಕಿರಣ ಹೊಡೆದರೆ ಒಟ್ಟು ದ್ರವ್ಯರಾಶಿ 292. ಸಮನಾಗಿ ಒಡೆದ ಚೂರುಗಳು ಕಿರಣದ ಎರಡೂ ಬದಿಗೆ ತಲಾ 65-70 ಡಿಗ್ರಿಯಲ್ಲಿ ಹಾರುತ್ತವೆ. ಅಲ್ಲೊಂದು ಇಲ್ಲೊಂದು ಡಿಟೆಕ್ಟರ್ ತೋಳು ಇಟ್ಟು ಎರಡನ್ನೂ ಒಟ್ಟಿಗೆ ಹಿಡಿಯಬೇಕು. ರಷ್ಯಾದ ದುಬ್ನಾದಲ್ಲಿರುವ ಕೋರ್ಸೆಟ್ ಸ್ಪೆಕ್ಟ್ರೋಮೀಟರ್ ಈ ಬಗೆಯದು. ಪ್ರತಿ ತೋಳಿನಲ್ಲೂ ಮೈಕ್ರೋಚಾನೆಲ್ ಪ್ಲೇಟುಗಳು (ಎಲೆಕ್ಟ್ರಾನ್ ಸಂಕೇತವನ್ನು ಹಿಗ್ಗಿಸುವ ಸೂಕ್ಷ್ಮರಂಧ್ರ ಫಲಕಗಳು) ಹೊರಟ ಮತ್ತು ತಲುಪಿದ ಕ್ಷಣಗಳನ್ನು ಗುರುತಿಸುತ್ತವೆ. ಅದರಿಂದ ವೇಗ ಸಿಗುತ್ತದೆ. ಗುರುತ್ವಕೇಂದ್ರದ ಚೌಕಟ್ಟಿನಲ್ಲಿ (ಇಡೀ ವ್ಯವಸ್ಥೆ ಮುಂದೆ ಸಾಗುವ ವೇಗವನ್ನು ಕಳೆದು ನೋಡಿದಾಗ) ಎರಡು ಚೂರುಗಳ ಸಂವೇಗ ಸಮ, ಆದ್ದರಿಂದ ವೇಗಗಳ ಅನುಪಾತವನ್ನು ತಿರುಗಿಸಿದರೆ ಅದೇ ದ್ರವ್ಯರಾಶಿಗಳ ಅನುಪಾತ.

20 ಸೆಂ.ಮೀ. ದಾರಿಗೆ ಹಿಡಿಯುವ ಸಮಯ ಸುಮಾರು 15 ನ್ಯಾನೊಸೆಕೆಂಡ್. ಒಂದು ತೋಳಿನ ಸಮಯದಲ್ಲಿ ಅರ್ಧ ನ್ಯಾನೊಸೆಕೆಂಡ್ ತಪ್ಪಿದರೂ ದ್ರವ್ಯರಾಶಿ 2-3 ಪರಮಾಣು ದ್ರವ್ಯರಾಶಿ ಮಾನ ಸರಿದುಬಿಡುತ್ತದೆ. ಎರಡೂ ತೋಳು ಒಂದೇ ಕಡೆಗೆ ತಪ್ಪಿದರೆ ಇನ್ನೂ ಮೋಸ: ದ್ರವ್ಯರಾಶಿ ಸರಿಯಾಗಿಯೇ ಕಾಣುತ್ತದೆ, ಒಟ್ಟು ಚಲನಶಕ್ತಿ ಮಾತ್ರ 15 ಎಂಇವಿ ಆಸುಪಾಸು ಕೆಟ್ಟಿರುತ್ತದೆ. ಹಾಗಾಗಿ ಗಡಿಯಾರ ಹೊಂದಿಸಲು, ತಾನಾಗಿ ಒಡೆಯುವ ಕ್ಯಾಲಿಫೋರ್ನಿಯಂ-252 ಆಕರವೊಂದನ್ನೇ ನಂಬಬೇಡಿ, ಸ್ಥಿತಿಸ್ಥಾಪಕವಾಗಿ (ಒಡೆಯದೆ, ಒಟ್ಟು ಚಲನಶಕ್ತಿ ನಷ್ಟವಾಗದೆ ಪುಟಿದು) ಚದುರಿದ ಕಣಗಳ ವೇಗವನ್ನೂ ಲೆಕ್ಕದೊಂದಿಗೆ ತಾಳೆ ನೋಡಿ. ಟಾರ್ಗೆಟ್ (ಕಿರಣ ಹೊಡೆಯುವ ಪ್ಲುಟೋನಿಯಂ) ಪದರ ಚದರ ಸೆಂ.ಮೀ.ಗೆ 100-200 ಮೈಕ್ರೊಗ್ರಾಂ ಸಾಕು. ಅದರ ಆಧಾರ ಹಾಳೆ ಕಿರಣ ಬರುವ ಕಡೆಗಿರಲಿ. ತಿರುಗಿಸಿ ಇಟ್ಟರೆ ಚೂರುಗಳು ಹಾಳೆಯನ್ನೂ ದಾಟಬೇಕಾಗಿ ವೃಥಾ ಶಕ್ತಿ ಕಳೆದುಕೊಳ್ಳುತ್ತವೆ.

ಈಗ ಎರಡನೆಯದು. ಕ್ಯಾಲ್ಸಿಯಂ ಪ್ಲುಟೋನಿಯಂಗೆ ಅಂಟಿಕೊಂಡ ಮಾತ್ರಕ್ಕೆ 114ನೇ ಧಾತು ಆಯಿತೆಂದಲ್ಲ. ಹೆಚ್ಚಿನ ಸಲ ಎರಡೂ ಪೂರ್ತಿ ಬೆರೆಯುವ ಮೊದಲೇ, ಸುಮಾರು 10⁻²⁰ ಸೆಕೆಂಡಿನಲ್ಲಿ, ಕೆಲವು ಪ್ರೋಟಾನ್-ನ್ಯೂಟ್ರಾನ್‌ಗಳನ್ನು ಕೊಟ್ಟು ತಗೊಂಡು ಬೇರೆಯಾಗುತ್ತವೆ. ಇದು ಕ್ವಾಸಿಫಿಷನ್. ಇದರ ಗುರುತು, ಭಾರದ ಚೂರು ಸೀಸ-208ರ ಸುತ್ತ ಗುಂಪುಗೂಡುವುದು, ಹಗುರದ್ದು 84ರ ಸುತ್ತ. ನಿಜವಾದ ಸಂಲಯನದ (ಪೂರ್ತಿ ಬೆರೆಯುವುದರ) ನಂತರದ ವಿದಳನವನ್ನು (ಒಡೆಯುವುದನ್ನು) ನಡುವಿನ ಕಿಟಕಿಯಲ್ಲಿ, ಅಂದರೆ 292ರ ಅರ್ಧವಾದ 146ರಿಂದ ಆಚೀಚೆ 20 ಮಾನದೊಳಗೆ, ಹುಡುಕುವುದು ರೂಢಿ. ಅಲ್ಲಿ ಬಿದ್ದದ್ದೆಲ್ಲ ಸಂಲಯನವೇ ಎಂದು ಎಣಿಸುವವರೂ ಇದ್ದಾರೆ, ನಾನು ಒಪ್ಪುವುದಿಲ್ಲ. ಕ್ವಾಸಿಫಿಷನ್ ಬಾಲ ಅಲ್ಲಿಗೂ ಚಾಚಿರುತ್ತದೆ. ಚಲನಶಕ್ತಿಯ ಹಂಚಿಕೆಯನ್ನೂ ನೋಡಬೇಕು: ವಿದಳನದ ಚೂರುಗಳ ಒಟ್ಟು ಚಲನಶಕ್ತಿಯನ್ನು ಅಂದಾಜಿಸುವ ವಯೋಲಾ ಸೂತ್ರದ ಪ್ರಕಾರ ಇಲ್ಲಿ ಸರಾಸರಿ 240 ಎಂಇವಿ ಬರಬೇಕು. ಎರಡು ಚೂರುಗಳ ನಡುವಿನ ಕೋನವನ್ನೂ ಪರೀಕ್ಷಿಸಿ. ಕಿರಣದ ಪೂರ್ತಿ ಸಂವೇಗ ಸಿಗದೆ, ಬರೀ ಟಾರ್ಗೆಟ್ಟೇ ಒಡೆದ ಘಟನೆಗಳು ಅಲ್ಲಿಯೇ ಸಿಕ್ಕಿಬೀಳುತ್ತವೆ.

ಬೆರೆತ ಮೇಲೂ ತಕ್ಷಣ ಒಡೆಯದೆ ಉಳಿದುಕೊಂಡ ಬೆರಳೆಣಿಕೆಯ ನ್ಯೂಕ್ಲಿಯಸ್‌ಗಳು ತಾವಾಗಿ ಒಡೆಯುವುದನ್ನು ನೋಡುವ ವಿಧಾನ ಬೇರೆ. ಅವನ್ನು ಸೆಪರೇಟರ್‌ನಿಂದ ಬೇರ್ಪಡಿಸಿ ಸಿಲಿಕಾನ್ ಡಿಟೆಕ್ಟರ್ ಒಳಗೇ ಹೂಳಲಾಗುತ್ತದೆ. ಭಾರದ ಚೂರಿಗೆ ಸಿಲಿಕಾನ್ ಇದ್ದುದಕ್ಕಿಂತ ಕಡಿಮೆ ಶಕ್ತಿ ತೋರಿಸುತ್ತದೆ, ಮೇಲಾಗಿ ಒಂದು ಚೂರು ಮೇಲ್ಮೈಯಿಂದ ತಪ್ಪಿಸಿಕೊಳ್ಳುವುದೂ ಉಂಟು. ಹೊರಗಿಟ್ಟ ಕ್ಯಾಲಿಫೋರ್ನಿಯಂನಿಂದ ಈ ಕೊರತೆ ತಿದ್ದಲಾಗದು. ಸೀಸ-206ಕ್ಕೆ ಅದೇ ಕ್ಯಾಲ್ಸಿಯಂ ಕಿರಣ ಹೊಡೆದು ನೊಬೆಲಿಯಂ-252 ತಯಾರಿಸಿ, ಅದನ್ನೂ ಹಾಗೆಯೇ ಒಳಗೆ ಹೂತು ಅದರ ವಿದಳನದಿಂದ ಮಾಪಕ ಹೊಂದಿಸಬೇಕು.