100 ಮಿ.ಮೀ. ಹೇಳಿದರೆ 50 ಮಾತ್ರ ಓಡುವ ರೌಟರ್

ನಮಸ್ಕಾರ. ಹಾಸನದ ನಿಮ್ಮ ಮರದ ಕೆತ್ತನೆ ರೌಟರ್‌ಗೆ ಲಿನಕ್ಸ್‌ಸಿಎನ್‌ಸಿ (ಕಂಪ್ಯೂಟರ್‌ನಿಂದ ಯಂತ್ರ ಓಡಿಸುವ ಸಾಫ್ಟ್‌ವೇರ್) ಹಾಕಿದ್ದೀರಿ. ಎಕ್ಸ್ ಆಕ್ಸಿಸ್‌ಗೆ (ಯಂತ್ರ ಸರಿಯುವ ಒಂದು ದಿಕ್ಕು) 100 ಮಿ.ಮೀ. ಹೇಳಿದರೆ ಪ್ರತಿ ಸಲವೂ 50 ಮಾತ್ರ ಹೋಗುತ್ತದೆ, ಮೋಟರ್ ಬದಲಿಸಬೇಕಾ ಅಂತ ಕೇಳಿದ್ದೀರಿ.

ಬೇಡ. ಮೋಟರ್ ಸ್ಟೆಪ್ (ಅದು ತಿರುಗುವ ಸಣ್ಣ ಹೆಜ್ಜೆ) ತಪ್ಪುತ್ತಿದ್ದರೆ ಸಲಕ್ಕೊಂದು ಅಳತೆ ಬರುತ್ತಿತ್ತು. ಸರಿಯಾಗಿ ಅರ್ಧ ಬರುತ್ತಿದೆ ಅಂದರೆ ಲೆಕ್ಕ ತಪ್ಪಿದೆ, ಅಷ್ಟೇ.

ನಿಮ್ಮ ಐಎನ್‌ಐ ಫೈಲಿನಲ್ಲಿ (ಸೆಟ್ಟಿಂಗ್‌ಗಳ ಫೈಲ್) ಸ್ಕೇಲ್, ಅಂದರೆ ಒಂದು ಮಿ.ಮೀ.ಗೆ ಕಳಿಸಬೇಕಾದ ಪಲ್ಸ್, 160 ಇದೆ ಅಂದಿರಿ. ಮೋಟರ್ ಸುತ್ತಿಗೆ 200 ಸ್ಟೆಪ್, ಬಾಲ್ ಸ್ಕ್ರೂ (ಆಕ್ಸಿಸ್ ಸರಿಸುವ ತಿರುಪು) ಸುತ್ತಿಗೆ 5 ಮಿ.ಮೀ. ಅಂದರೆ ಮೈಕ್ರೋಸ್ಟೆಪ್ (ಒಂದು ಸ್ಟೆಪ್ ಎಷ್ಟು ಭಾಗ ಆಗಬೇಕು ಅನ್ನುವುದು) 4 ಅಂತ ಕೊಟ್ಟಿದ್ದೀರಿ, ಅಲ್ವಾ? ಮೋಟರ್ ಓಡಿಸುವ ಡ್ರೈವರ್ ಪೆಟ್ಟಿಗೆ ಮೇಲಿನ ಸಣ್ಣ ಡಿಪ್ ಸ್ವಿಚ್‌ಗಳನ್ನು ನೋಡಿ, ಮೈಕ್ರೋಸ್ಟೆಪ್ ಹೊಂದಿಸುವುದು ಅಲ್ಲೇ. ಬಹುಶಃ 8ಕ್ಕೆ ಇರುತ್ತವೆ. 200 × 8 ÷ 5 = 320. ಸ್ಕೇಲ್ ಅಷ್ಟಕ್ಕೆ ಬದಲಿಸಿ. ಮೊದಲು ಮರ ಇಡದೆ ಗಾಳಿಯಲ್ಲೇ ಓಡಿಸಿ, ಅಳತೆ ಪಟ್ಟಿ ಇಟ್ಟು ಅಳೆಯಿರಿ.

ಒಂದು ವಿಷಯ ಮರೀಬೇಡಿ. ಈಗ ಅದೇ ವೇಗಕ್ಕೆ ಎರಡು ಪಟ್ಟು ಪಲ್ಸ್ ಬೇಕು. ಸೆಕೆಂಡಿಗೆ 50 ಮಿ.ಮೀ. ಅಂದರೆ 16,000 ಪಲ್ಸ್. ಪ್ಯಾರಲಲ್ ಪೋರ್ಟ್ (ಹಳೆಯ ಪ್ರಿಂಟರ್ ಪೋರ್ಟ್) ಬಳಸುತ್ತಿದ್ದರೆ ಪಲ್ಸ್‌ಗಳನ್ನು ಕಂಪ್ಯೂಟರೇ ಹೊತ್ತಿಗೆ ಸರಿಯಾಗಿ ಕಳಿಸಬೇಕು, ಅದಕ್ಕೆ ಲೇಟೆನ್ಸಿ ಟೆಸ್ಟ್ (ಎಷ್ಟು ತಡವಾಗುತ್ತದೆ ಅನ್ನುವ ಪರೀಕ್ಷೆ) ಮಾಡಿ. ಅದು ಓಡುತ್ತಿರುವಾಗ ವಿಂಡೋಗಳನ್ನು ಎಳೆದಾಡಿ, ದೊಡ್ಡ ಫೈಲ್ ಕಾಪಿ ಮಾಡಿ. ಸುಮ್ನೆ ಬಿಟ್ಟ ಕಂಪ್ಯೂಟರ್‌ನ ಅಂಕಿ ನಂಬಬೇಡಿ.

ಇನ್ನೊಂದು, ಸ್ಟೆಪ್‌ಕಾನ್ಫ್ (ಸೆಟ್ಟಿಂಗ್ ಫೈಲ್‌ಗಳನ್ನು ತಾನೇ ಬರೆಯುವ ಪ್ರೋಗ್ರಾಂ) ಮತ್ತೆ ಓಡಿಸಿದರೆ ಕೈಯಾರೆ ತಿದ್ದಿದ್ದು ಅಳಿಸಿಹೋಗುತ್ತದೆ. ಚಿಕ್ಕಮಗಳೂರಿನ ನನ್ನ ಶೆಡ್‌ನಲ್ಲಿ ಒಂದು ಸಂಜೆಯ ಕೆಲಸ ಹೀಗೇ ಹೋಯಿತು, ಬಹಳ ಬೇಜಾರಾಯಿತು. ನಿಮ್ಮ ಸ್ವಂತ ಸಾಲುಗಳನ್ನು ಕಸ್ಟಮ್ ಹಾಲ್ ಫೈಲಿನಲ್ಲೇ (ನಿಮ್ಮ ಸೇರ್ಪಡೆಗಳಿಗೆಂದೇ ಇರುವ ಫೈಲ್) ಬರೆಯಿರಿ, ಅದನ್ನು ಸ್ಟೆಪ್‌ಕಾನ್ಫ್ ಮುಟ್ಟುವುದಿಲ್ಲ.

ಅಳತೆ ಸರಿಬಂದ ಮೇಲೆ ಒಂದು ತುಂಡು ಸಿಲ್ವರ್ ಮರದಲ್ಲಿ ಚೌಕ ಕೊರೆದು, ಎಷ್ಟು ಬಂತು ಅಂತ ಬರೆಯಿರಿ.