ಹಗೇವಿನ ಜೋಳ, ಹಳೇ ಮದುವೆ ಫೈಲು

ಪ್ರಶ್ನೆ: ಗದಗಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಕುಬುಸ, ಭೀಷ್ಮ ಕೆರೆ ದಂಡೆಯಲ್ಲಿ ಪ್ರೀ ವೆಡ್ಡಿಂಗ್, ಎಲ್ಲಾ ಮಾಡುತ್ತೇವೆ. ಎರಡು ಹಾರ್ಡ್ ಡಿಸ್ಕ್ ಕೈಕೊಟ್ಟ ಮೇಲೆ ಎಲ್ಲವನ್ನೂ ಅಮೆಜಾನ್ ಎಸ್3ಗೆ (ಇಂಟರ್ನೆಟ್ಟಿನಲ್ಲಿ ಫೈಲು ಇಡಲು ಬಾಡಿಗೆಗೆ ಸಿಗುವ ಜಾಗ) ಹಾಕಿದೆ. ಈಗ 6 ಟಿಬಿ ಆಗಿದೆ, ತಿಂಗಳ ಬಿಲ್ ನೋಡಿದರೆ ಎದೆ ಝಲ್ ಅನ್ನುತ್ತದೆ. ಹಳೇ ಫೈಲು ತಾನಾಗಿಯೇ ಅಗ್ಗದ ಜಾಗಕ್ಕೆ ಹೋಗುವಂತೆ ಮಾಡಬಹುದಂತೆ. 30 ದಿನ ದಾಟಿದ್ದನ್ನೆಲ್ಲ ಎಲ್ಲಕ್ಕಿಂತ ಅಗ್ಗದ ಕಡೆ ತಳ್ಳಿಬಿಡಲೇ?
– ಸ್ಟುಡಿಯೋ ಮಾಲೀಕರು, ಗದಗ

ಉತ್ತರ: ತಳ್ಳಿ, ಆದರೆ ಎಲ್ಲವನ್ನೂ ಬೇಡ. ಆ ‘ಎಲ್ಲ’ ಎಂಬ ಮಾತಿನಲ್ಲೇ ನಾನು ಒಮ್ಮೆ ಸಿಕ್ಕಿಬಿದ್ದವನು.

ಮೊದಲು ದುಡ್ಡಿನ ಮಾತು. ಅಮೆರಿಕದಲ್ಲಿರುವ ಅಮೆಜಾನ್‌ನ ವರ್ಜೀನಿಯಾ ಕೇಂದ್ರದ ದರ ಹಿಡಿದರೆ ಮಾಮೂಲಿ ಜಾಗಕ್ಕೆ ಜಿಬಿಗೆ ತಿಂಗಳಿಗೆ 0.023 ಡಾಲರ್. ನಿಮ್ಮ 6 ಟಿಬಿಗೆ ಸುಮಾರು 138 ಡಾಲರ್. ಎಸ್3ಯಲ್ಲೇ ಹಳೇ ಫೈಲಿಗೆಂದು ಅಗ್ಗದ ಜಾಗಗಳೂ ಇವೆ. ಅದೇ ಫೈಲು ‘ಗ್ಲೇಸಿಯರ್ ಇನ್‌ಸ್ಟಂಟ್ ರಿಟ್ರೀವಲ್’ನಲ್ಲಿದ್ದರೆ 24 ಡಾಲರ್, ‘ಡೀಪ್ ಆರ್ಕೈವ್’ನಲ್ಲಿದ್ದರೆ ಬರೀ 6. ಮುಂಬೈ ಕೇಂದ್ರದ ಮಾಮೂಲಿ ದರ ಇದಕ್ಕಿಂತ ತುಸು ಜಾಸ್ತಿ. 138 ಎಲ್ಲಿ, 6 ಎಲ್ಲಿ! ಯಾರಿಗಾದರೂ ಆಸೆ ಆಗುತ್ತದೆ, ಅಲ್ವಾ?

ನನಗೂ ಆಯಿತು. ಧಾರವಾಡದಲ್ಲಿ ಪರಿಚಯದವರ ಲಗ್ನಪತ್ರಿಕೆ ಪ್ರೆಸ್ ಒಂದಿದೆ. ಅವರ ಫೈಲುಗಳಿಗೆ ನಾನೇ ರೂಲ್ ಬರೆದೆ: 30 ದಿನ ದಾಟಿದ್ದು ಡೀಪ್ ಆರ್ಕೈವ್‌ಗೆ. ಬಿಲ್ ಇಳಿಯಿತು, ಮಾಲೀಕರು ಮಿರ್ಚಿ ಭಜಿ ತಿನ್ನಿಸಿದರು. ಲಗ್ನದ ಸೀಸನ್ ಬಂತು. ಗಿರಾಕಿ ಎದುರಿಗೆ ಕೂತಿದ್ದಾರೆ, ಗಣಪತಿ ಚಿತ್ರ ತೆರೆಯುತ್ತಿಲ್ಲ. ಬಸವಣ್ಣನ ಚಿತ್ರ ತೆರೆಯುತ್ತಿಲ್ಲ. ಬಾಳೆಕಂಬದ ಬಾರ್ಡರೂ ಇಲ್ಲ. ದಿನಕ್ಕೆ ಹತ್ತು ಸಲ ಬೇಕಾಗುವ ಫೈಲುಗಳೇ ಎಲ್ಲಕ್ಕಿಂತ ಆಳಕ್ಕೆ ಹೋಗಿ ಕೂತಿದ್ದವು. ಯಾಕೆಂದರೆ ಎಸ್3ಯ ಲೈಫ್‌ಸೈಕಲ್ ರೂಲ್ ನೋಡುವುದು ಫೈಲು ಹಾಕಿ ಎಷ್ಟು ದಿನ ಆಯಿತು ಅನ್ನುವುದನ್ನು. ನಿನ್ನೆ ಯಾರಾದರೂ ಅದನ್ನು ತೆರೆದರೇ ಅನ್ನುವುದು ಅದಕ್ಕೆ ಬೇಕಿಲ್ಲ. ಡೀಪ್ ಆರ್ಕೈವ್‌ನಿಂದ ಹೊರಗೆ ತೆಗೆಯಲು 12 ಗಂಟೆ. ಅಗ್ಗದ ದಾರಿ ಹಿಡಿದರೆ 48 ಗಂಟೆ. ಗಿರಾಕಿ ಎರಡು ಚಹಾ ಕುಡಿದು ಎದ್ದು ಹೋದರು. ಆಮೇಲೆ ಸಿಟ್ಟಿನಲ್ಲಿ ಎಲ್ಲ ವಾಪಸ್ ತಂದು ಅಲ್ಲಿದ್ದದ್ದನ್ನು ಅಳಿಸಿದೆವಲ್ಲ, ಅದಕ್ಕೂ ದುಡ್ಡು ಹಿಡಿದರು. ಅಲ್ಲಿ ಇಟ್ಟಮೇಲೆ 180 ದಿನದ ಬಾಡಿಗೆ ಕಟ್ಟಲೇಬೇಕು.

ನಮ್ಮಜ್ಜನ ಮನೆಯಲ್ಲಿ ಜೋಳ ಮೂರು ಕಡೆ ಇರುತ್ತಿತ್ತು. ಅಡುಗೆಮನೆ ಡಬ್ಬಿಯಲ್ಲಿ ಒಂದಿಷ್ಟು, ಪಡಸಾಲೆಯ ಚೀಲದಲ್ಲಿ ಒಂದಿಷ್ಟು, ಉಳಿದದ್ದು ನೆಲದೊಳಗಿನ ಹಗೇವಿನಲ್ಲಿ. ಹಗೇವು ತೆಗೆಯುವುದೆಂದರೆ ಒಂದು ದಿನದ ಕೆಲಸ. ಬಾಯಿ ತೆರೆದು ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಯಾರನ್ನೂ ಇಳಿಸುತ್ತಿರಲಿಲ್ಲ. ಒಂದು ಸೇರು ಜೋಳ ಬೇಕೆಂದು ಯಾರೂ ಹಗೇವು ತೆಗೆಯುವುದಿಲ್ಲ. ಡೀಪ್ ಆರ್ಕೈವ್ ಅಂದರೆ ಹಗೇವು. ಇನ್‌ಸ್ಟಂಟ್ ರಿಟ್ರೀವಲ್ ಪಡಸಾಲೆಯ ಚೀಲ: ಕೈಹಾಕಿದ ಕೂಡಲೇ ಸಿಗುತ್ತದೆ, ಆದರೆ ತೆಗೆದಾಗಲೆಲ್ಲ ಜಿಬಿಗೆ 0.03 ಡಾಲರ್ ಕೊಡಬೇಕು. ಅಲ್ಲಿ ಕಡಿಮೆಯೆಂದರೆ 90 ದಿನದ ಬಾಡಿಗೆ.

ಈಗ ನಿಮ್ಮ ಸ್ಟುಡಿಯೋಗೆ ಬರೋಣ. ಹಳೇ ಮದುವೆ ಫೋಟೋ ಕೇಳಿಕೊಂಡು ಜನ ಯಾವಾಗ ಬರುತ್ತಾರೆ? ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಪಂಚಮಿಗೆ ಮಗಳು ತವರಿಗೆ ಬಂದಾಗ. ಕುಬುಸದ ದಿನ ಟಿವಿಯಲ್ಲಿ ಮದುವೆ ವಿಡಿಯೋ ಹಾಕಬೇಕೆಂದಾಗ. ಇವರೆಲ್ಲ ಒಂದೆರಡು ದಿನ ಕಾಯುತ್ತಾರೆ. ಕಾಯಲಾಗದವರು ಬೇರೆ. ಮನೆಯ ಅಜ್ಜ ತೀರಿಕೊಂಡಿರುತ್ತಾರೆ. ಬ್ಯಾನರಿಗೆ ಮುಖ ಬೇಕು. ನೆಟ್ಟಗೆ ಬಂದಿರುವ ಒಂದೇ ಫೋಟೋ ಮೊಮ್ಮಗನ ಮದುವೆಯದು, ರುಮಾಲು ಸುತ್ತಿಕೊಂಡು ಕೂತಿದ್ದು. ಅವರಿಗೆ 12 ಗಂಟೆ ಕಾಯಿರಿ ಅಂತ ಹೇಳಲು ಬರುತ್ತದೆಯೇ?

ಹಾಗಾಗಿ ಫೈಲುಗಳನ್ನು ಎರಡು ಫೋಲ್ಡರ್ ಮಾಡಿ. ಕ್ಯಾಮೆರಾದ ರಾ ಫೈಲು (ತಿದ್ದದ ಮೂಲ ಫೋಟೋ), ಕತ್ತರಿಸದ ವಿಡಿಯೋ ಒಂದು ಕಡೆ. ಕೊಟ್ಟು ಮುಗಿಸಿದ ಜೆಪೆಗ್, ಆಲ್ಬಮ್ ಪುಟಗಳು, ಎಡಿಟ್ ಆದ ವಿಡಿಯೋ ಇನ್ನೊಂದು ಕಡೆ. ಎಸ್3ಯಲ್ಲಿ ರೂಲನ್ನು ಒಂದೊಂದು ಫೋಲ್ಡರಿಗೆ ಬೇರೆ ಬೇರೆ ಬರೆಯಬಹುದು. ಮೊದಲನೆಯದು ಆಲ್ಬಮ್ ಕೈಸೇರಿ ತಕರಾರು ಮುಗಿದ ಮೇಲೆ, ಅಂದರೆ 120 ದಿನಕ್ಕೆ, ಹಗೇವಿಗೆ ಇಳಿಯಲಿ. ಎರಡನೆಯದು 90 ದಿನಕ್ಕೆ ಇನ್‌ಸ್ಟಂಟ್‌ಗೆ ಹೋಗಿ ಅಲ್ಲೇ ಇರಲಿ. ರಾ ಮತ್ತು ವಿಡಿಯೋದ ಭಾರವೇ ಜಾಸ್ತಿ ಇರುವುದರಿಂದ ಬಿಲ್ ಹೇಗೂ ಚೆನ್ನಾಗಿ ಇಳಿಯುತ್ತದೆ.

ಒಂದು ಲೆಕ್ಕ ಜನ ಮರೆಯುತ್ತಾರೆ. ಒಂದು ಮದುವೆಯ 250 ಜಿಬಿ ಇನ್‌ಸ್ಟಂಟ್‌ನಿಂದ ತೆಗೆಯಲು ಏಳೂವರೆ ಡಾಲರ್. ಅದನ್ನು ಗದಗಿಗೆ ಇಳಿಸಿಕೊಳ್ಳಲು ತಿಂಗಳ ಮೊದಲ 100 ಜಿಬಿ ಪುಕ್ಕಟೆ, ಉಳಿದ 150ಕ್ಕೆ ವರ್ಜೀನಿಯಾ ದರದಲ್ಲಿ 0.09ರಂತೆ ಹದಿಮೂರೂವರೆ ಡಾಲರ್. ಎತ್ತುವ ಕೂಲಿಗಿಂತ ಗಾಡಿ ಬಾಡಿಗೆಯೇ ಜಾಸ್ತಿ! ಹಳೇ ಮದುವೆ ಕೇಳಿದವರಿಂದ ಇದನ್ನು ಸಂಕೋಚಪಡದೆ ತೆಗೆದುಕೊಳ್ಳಿ. ಅಜ್ಜನ ಫೋಟೋಕ್ಕೆ ಬೇಡ, ಅದು ಒಂದೇ ಜೆಪೆಗ್.

ಪ್ರೆಸ್ಸಿನ ಕಥೆ ಏನಾಯಿತು ಅಂದಿರಾ? ಅವರ ಫೈಲುಗಳನ್ನು ಎಸ್3ಯದೇ ಇನ್ನೊಂದು ಏರ್ಪಾಡಾದ ‘ಇಂಟೆಲಿಜೆಂಟ್ ಟಿಯರಿಂಗ್’ಗೆ ಹಾಕಿದೆ. ಅದು ವಯಸ್ಸು ನೋಡುವುದಿಲ್ಲ, ಬಳಕೆ ನೋಡುತ್ತದೆ. 30 ದಿನ ಯಾರೂ ಮುಟ್ಟದಿದ್ದರೆ ಒಂದು ಮೆಟ್ಟಿಲು ಕೆಳಗೆ, 90 ದಿನಕ್ಕೆ ಇನ್ನೊಂದು. ಮುಟ್ಟಿದ ತಕ್ಷಣ ಮತ್ತೆ ಮೇಲೆ. ತೆಗೆಯುವ ಕೂಲಿ ಇಲ್ಲ, ಬಳಕೆ ನೋಡುವ ಕಾವಲಿಗೆ ಮಾತ್ರ ಸಾವಿರ ಫೈಲಿಗೆ ತಿಂಗಳಿಗೆ 0.0025 ಡಾಲರ್. ಗಣಪತಿ ಈಗ ಮೇಲೆಯೇ ಇದ್ದಾನೆ. ಯಾವುದು ಯಾವಾಗ ಬೇಕಾದೀತೆಂದು ಗೊತ್ತಿಲ್ಲದವರಿಗೆ ಇದು ಸರಿ. ನಿಮಗೆ ಗೊತ್ತಿದೆ, ನೀವೇ ರೂಲ್ ಬರೆಯಿರಿ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಟ್ಯಾಲಿಯ ದಿನದ ಬ್ಯಾಕಪ್ ಗೂಗಲ್ ಡ್ರೈವ್‌ನಲ್ಲಿ 40 ಜಿಬಿ ಆಗಿದೆ. ಇದನ್ನೂ ಅಗ್ಗದ ಕಡೆ ಕಳಿಸಬಹುದೇ?
– ಗುಮಾಸ್ತರು, ಹಾವೇರಿ ಜಿಲ್ಲೆ

ಉತ್ತರ: ಡ್ರೈವ್‌ನಲ್ಲಿ ಹಾಗೆ ಅಗ್ಗದ ಅಟ್ಟ ಇಲ್ಲ. ಗೂಗಲ್ ಕ್ಲೌಡ್ ಸ್ಟೋರೇಜ್ ಬೇರೆ, ಅಲ್ಲಿ ನಿಯರ್‌ಲೈನ್, ಕೋಲ್ಡ್‌ಲೈನ್, ಆರ್ಕೈವ್ ಎಂಬ ಮೆಟ್ಟಿಲುಗಳಿವೆ. ಆದರೆ 40 ಜಿಬಿಗೆ ಸುಮ್ನೆ ಯಾಕೆ ತಲೆನೋವು? ನಿಮಗೆ ಬೇಕಾದದ್ದು ಅಳಿಸುವ ಧೈರ್ಯ. ದಿನದ ಬ್ಯಾಕಪ್ ಮೂರು ತಿಂಗಳದ್ದು ಸಾಕು. ವರ್ಷದ ಕೊನೆಯದ್ದನ್ನು ಮಾತ್ರ ಮುಟ್ಟಬೇಡಿ: ಜಿಎಸ್‌ಟಿ ಲೆಕ್ಕ ವಾರ್ಷಿಕ ರಿಟರ್ನಿನ ಕೊನೆ ದಿನದಿಂದ 72 ತಿಂಗಳು ಇಟ್ಟಿರಬೇಕು. ಅಳಿಸುವ ಮುಂಚೆ ಒಂದು ಹಳೇ ಬ್ಯಾಕಪ್ ಟ್ಯಾಲಿಯಲ್ಲಿ ತೆರೆಯುತ್ತದೆಯೇ ನೋಡಿ, ಸಾಹುಕಾರರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.