ಬಾಳೆ ಎಲೆ ಕೊಯ್ಯೋ ಮುಂಚೆ ಅದರ ಅಡಿಭಾಗ ಒಂದ್ಸಲ ನೋಡಿ

ಪ್ರಶ್ನೆ: ನಮ್ಮ ಅಡಿಕೆ ತೋಟದ ಬಾಳೆ ಕುಂಡಿಗೆಗೆ (ಹೂವಿಗೆ) ದಿನಾ ಬೆಳಿಗ್ಗೆ ಒಂದು ಹಕ್ಕಿ ಬಂದು ತಲೆಕೆಳಗಾಗಿ ಜೋತು ಬೀಳ್ತದೆ. ಕೊಕ್ಕು ತಲೆಗಿಂತ ಉದ್ದ, ಕುಡುಗೋಲಿನ ಹಾಗೆ ಬಾಗಿದೆ. ಮಗ ಹಮ್ಮಿಂಗ್‌ಬರ್ಡ್ ಅಂತ ಸ್ಟೇಟಸ್ ಹಾಕಿಬಿಟ್ಟಿದ್ದಾನೆ. ಹೌದಾ? ಗೊನೆಗೆ ಏನಾದ್ರೂ ತೊಂದ್ರೆ ಉಂಟಾ?
– ಓದುಗರು, ಸಿರ್ಸಿ

ಉತ್ತರ: ಸ್ಟೇಟಸ್ ಡಿಲೀಟ್ ಮಾಡ್ಲಿಕ್ಕೆ ಹೇಳಿ ಮಾರಾಯ್ರೆ! ಹಮ್ಮಿಂಗ್‌ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ, ಅದು ಗಾಳಿಯಲ್ಲೇ ನಿಂತು ಮಕರಂದ ಕುಡೀತದೆ, ನಿಮ್ಮದು ಜೋತು ಬಿದ್ದು ಕುಡೀತದೆ ಅಂತ ನೀವೇ ಬರ್ದಿದ್ದೀರಲ್ಲ. ಬೆನ್ನು ಮಾಸಲು ಹಸಿರು, ಗಂಟಲು ಬೂದು ಬಿಳಿ, ಹೊಟ್ಟೆ ಹಳದಿ ಇದ್ರೆ ಅದು ಲಿಟ್ಲ್ ಸ್ಪೈಡರ್‌ಹಂಟರ್. ನಮ್ಮ ಸೂರಕ್ಕಿಗಳ (ಸನ್‌ಬರ್ಡ್) ಕುಟುಂಬದ್ದೇ, ಆದ್ರೆ ಮೈ ಸ್ವಲ್ಪ ದೊಡ್ಡದು, ಕೊಕ್ಕು ಇನ್ನೂ ಉದ್ದ. ಸ್ಪೈಡರ್‌ಹಂಟರ್‌ಗಳಲ್ಲಿ ಹೆಚ್ಚಿನವೆಲ್ಲ ಆಗ್ನೇಯ ಏಷ್ಯಾದ ಕಾಡಿನವು, ಭಾರತದಲ್ಲಿ 2 ಜಾತಿ ಅಷ್ಟೇ, ಇನ್ನೊಂದು ಈಶಾನ್ಯದ ಕಡೆ. ಜೇಡವನ್ನೂ ಹಿಡಿದು ತಿಂತದೆ, ಹೆಸರು ಬಂದಿದ್ದು ಅದ್ರಿಂದ, ಆದ್ರೆ ನಿಜವಾದ ಜೀವ ಬಾಳೆ ಹೂವಿನ ಮೇಲೇ. ನಾಲಿಗೆ ನಳಿಗೆ ಥರ ಇರ್ತದೆ.

ಗೊನೆಗೆ ಏನೂ ಆಗೋದಿಲ್ಲ. ತೋಟದ ಬಾಳೆ ಪರಾಗಸ್ಪರ್ಶ ಇಲ್ದೆನೇ ಕಾಯಿ ಕಟ್ತದೆ, ಹಾಗಾಗಿ ಹಕ್ಕಿಯಿಂದ ಲಾಭಾನೂ ಇಲ್ಲ, ನಷ್ಟಾನೂ ಇಲ್ಲ. ಬೀಜದ ಕಾಡುಬಾಳೆಗೆ ಮಾತ್ರ ಪರಾಗಸ್ಪರ್ಶ ಬೇಕೇ ಬೇಕು.

ನೀವು ಕೇಳದಿದ್ರೂ ಒಂದು ಹೇಳ್ತೆ. ಇದು ಗೂಡು ಕಟ್ಟೋದು ಬಾಳೆಯಂಥ ಅಗಲ ಎಲೆಯ ಅಡಿಗೆ. ಒಣಗಿ ನರ ಮಾತ್ರ ಉಳಿದ ಎಲೆ, ನಾರು ಎಲ್ಲ ಸೇರಿಸಿ, ಜೇಡನ ಬಲೆಯ ನೂಲನ್ನ ಎಲೆಗೆ ಚುಚ್ಚಿ ಆಚೆ ಬದಿಗೆ ಎಳೆದು ಹೊಲೀತದೆ, ಎಲೆ ಮೇಲಿಂದ ನೋಡಿದ್ರೆ ಸಣ್ಣ ಸಣ್ಣ ಬಿಳಿ ಗಂಟು ಕಾಣ್ತದೆ. ನಾನು ಒಂದ್ಸಲ ಶ್ರಾದ್ಧದೂಟಕ್ಕೆ ಎಲೆ ಕೊಯ್ತಾ ಇದ್ದಾಗ ಆ ಚುಕ್ಕೆ ನೋಡಿ ಏನೋ ಎಲೆರೋಗ ಅಂದ್ಕೊಂಡು ಕತ್ತಿ ಹಾಕೇಬಿಟ್ಟೆ, ಕೈಗೆ ಬಂದ ಎಲೆ ಮಗುಚಿದ್ರೆ ಉದ್ದನೆ ಚೀಲದಂಥ ಗೂಡು, ಒಳಗೆ 2 ಮೊಟ್ಟೆ. ಮತ್ತೆ ಕಟ್ಲಿಕ್ಕೆ ಬಾಳೆನಾರು ಹುಡುಕಿದೆ, ನಿಲ್ಲಲಿಲ್ಲ. ಅತ್ತೆ ಇಡೀ ದಿನ ಬೈದ್ರು. ನಿಮ್ಮ ತೋಟದಲ್ಲಿ ಚುಕ್ಕೆ ಕಂಡ್ರೆ ಆ ಎಲೆ ಬಿಟ್ಟು ಪಕ್ಕದ್ದು ಕೊಯ್ಯಿ.

ಪ್ರಶ್ನೆ: ಕಾರವಾರದ ನಮ್ಮ ಮನೆ ದಾಸವಾಳಕ್ಕೆ ಬರೋ ಹಕ್ಕೀದೂ ಕೊಕ್ಕು ಉದ್ದ, ಬಾಗಿದೆ, ಆದ್ರೆ ಮೈಯೆಲ್ಲ ಕಪ್ಪು, ಬಿಸಿಲಿಗೆ ನೀಲಿ ಹೊಳೀತದೆ. ಅದೂ ಇದೇನಾ?
– ಓದುಗರು, ಕಾರವಾರ

ಉತ್ತರ: ಅಲ್ಲ. ಸ್ಪೈಡರ್‌ಹಂಟರ್ ಗಂಡಿಗೂ ಆ ಹೊಳಪು ಇರೋದಿಲ್ಲ. ನಿಮ್ಮದು ಬಹುಶಃ ಲೋಟೆನ್ ಸೂರಕ್ಕಿಯ ಗಂಡು, ಡಚ್ಚರ ಕಾಲದಲ್ಲಿ ಸಿಲೋನ್ ಗವರ್ನರ್ ಆಗಿದ್ದ ಲೋಟೆನ್ ಹೆಸರು ಅದಕ್ಕೆ, 1766ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇಟ್ಟಿದ್ದು. ಹೆಣ್ಣು ಮಾತ್ರ ಮಾಸಲು ಬಣ್ಣ, ಅದನ್ನ ನೋಡಿ ಸ್ಪೈಡರ್‌ಹಂಟರ್ ಅಂದ್ಕೊಂಡು ನಾನೂ ಎಷ್ಟೋ ಸಲ ಮೋಸ ಹೋಗಿದ್ದೇನೆ.